ಬೀಗರ ಜಗಳ

ಚನ್ನರಾಯಪಟ್ಟಣದ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಡಂ ಆಗಿದ್ದ ಆಶಾರಾಣಿಗೆ ನಾಟಕದ ಹುಚ್ಚೇನೂ ಇರಲಿಲ್ಲ. ಅವಳನ್ನು ರಂಗಕ್ಕೆ ಎಳೆದು ತಂದದ್ದು ಅವಳ ಗಂಟಲು. ಬೆಳಗಿನ ಪ್ರಾರ್ಥನೆಗೆ ಅವಳು "ಸಾವಧಾನ್!" ಎಂದರೆ ಮಕ್ಕಳಷ್ಟೇ ಅಲ್ಲ, ಕಾಂಪೌಂಡಿನಾಚೆ ಗಾಡಿಯಿಂದ ಎಳನೀರು ಇಳಿಸುತ್ತಿದ್ದವರೂ ಒಂದು ಗಳಿಗೆ ನೆಟ್ಟಗೆ ನಿಲ್ಲುತ್ತಿದ್ದರು. ಅದೇ ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾಗಿದ್ದ ಷಡಕ್ಷರಿ ಮೇಷ್ಟ್ರು ಆ ದನಿಯನ್ನು ಬಹಳ ದಿನದಿಂದ ಲೆಕ್ಕ ಹಾಕಿಟ್ಟುಕೊಂಡಿದ್ದರು.

"ಒಂದು ಸಾಮಾಜಿಕ ನಾಟಕ ಬರ್ದಿದೀನಿ ಕಣಮ್ಮ. ಕಿರೀಟ ಇಲ್ಲ, ಗದೆ ಇಲ್ಲ. ನಮ್ಮ ತಾಲ್ಲೂಕಿನ ಮನೆ, ನಮ್ಮ ಜನ ಆಡೋ ಮಾತು. ಗೌಡತಿ ಪಾತ್ರಕ್ಕೆ ನೀನು ಬಿಟ್ರೆ ಇನ್ಯಾರೂ ಇಲ್ಲ."

"ನಂಗೆ ಮಾತು ನೆನಪಿರಲ್ಲ ಸಾರ್."

"ಬೈಯೋದು ತಾನೆ? ಬಾಯಿಗೆ ತಾನಾಗೇ ಬತ್ತದೆ, ಬಾ."

ನಾಟಕದ ಹೆಸರು 'ಬಾಗಿಲು ತೆಗಿ ಗೌಡತಿ'. ತೆಂಗಿನ ತೋಟದ ಗೌಡತಿಯ ಮಗಳು ಅದೇ ತೋಟದ ಕೂಲಿಯಾಳು ದ್ಯಾವಯ್ಯನ ಮಗನನ್ನು ಪ್ರೀತಿಸುತ್ತಾಳೆ. ಗೌಡತಿ ಬಾಗಿಲು ಹಾಕಿಕೊಳ್ಳುತ್ತಾಳೆ. ದ್ಯಾವಯ್ಯ ಹೊರಗೆ ನಿಂತು ಮಾತಾಡಿ ಮಾತಾಡಿ ಕೊನೆಗೆ ಬಾಗಿಲು ತೆಗೆಸುತ್ತಾನೆ. ಇಷ್ಟೇ ಕಥೆ. ಪ್ರೇಮಿಗಳ ಪಾತ್ರಕ್ಕೆ ಮೊಬೈಲ್ ಅಂಗಡಿಯ ದಿಲೀಪನೂ ಸೊಸೈಟಿಯಲ್ಲಿ ಗುಮಾಸ್ತೆಯಾಗಿದ್ದ ಕವನಾಳೂ ಸಿಕ್ಕಿದರು. ಅವರಿಬ್ಬರಿಗೂ ಮೊದಲ ದಿನವೇ ಎಣ್ಣೆ ಸೀಗೆಕಾಯಿ. ದಿಲೀಪ ಈರುಳ್ಳಿ ಬೋಂಡ ತಿಂದು ಬಂದು ಪ್ರೇಮದ ಮಾತಾಡುತ್ತಾನೆಂದು ಅವಳು ಮುಖ ತಿರುಗಿಸುತ್ತಿದ್ದಳು; ಅವಳು ಫೋನು ನೋಡಿಕೊಂಡೇ "ನೀನಿಲ್ಲದೆ ನಾನು ಬದುಕಲಾರೆ" ಅನ್ನುತ್ತಾಳೆಂದು ಅವನು ಹಾರಾಡುತ್ತಿದ್ದ.

ದ್ಯಾವಯ್ಯನ ಪಾತ್ರಕ್ಕೆ ಬಂದವನು ಕೀರ್ತಿರಾಜ್.

ಕೀರ್ತಿರಾಜ್ ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಅವನ ಮುಖ ಎಷ್ಟು ಜನಕ್ಕೆ ಗೊತ್ತಿತ್ತೋ, ದನಿಯಂತೂ ತಾಲ್ಲೂಕಿಗೆಲ್ಲ ಗೊತ್ತಿತ್ತು. "ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಗಾಡಿ..." ಎಂದು ಮೈಕಿನಲ್ಲಿ ಅವನು ಹೇಳುವುದನ್ನು ಕೇಳಿಯೇ ಆಶಾರಾಣಿ ದಿನಾ ಸಂಜೆ ಹಿರೀಸಾವೆ ಬಸ್ಸು ಹತ್ತುತ್ತಿದ್ದಳು. ಹಿರೀಸಾವೆ ಅವಳ ಊರು. ಮೈಕಿಲ್ಲದೆ ಅವನು ಮಾತಾಡಿದ್ದನ್ನು ಮಾತ್ರ ಅವಳು ಕೇಳಿರಲಿಲ್ಲ. ಶಾಲೆಯ ಹಾಲಿನಲ್ಲಿ ಮೊದಲ ಓದಿನ ದಿನ ಕೇಳಿದಳು, ಅಥವಾ ಕೇಳಲಿಲ್ಲ. ಅಷ್ಟು ಮೆತ್ತಗಿತ್ತು.

ಹಿಂದಿನ ಬೆಂಚಿನಿಂದ ಷಡಕ್ಷರಿ ಮೇಷ್ಟ್ರು ಕೂಗಿದರು. "ಕೀರ್ತಿ, ಬಸ್ ಬಂತೋ ಹೋಯ್ತೋ ಗೊತ್ತಾಗ್ಲಿಲ್ಲ ಕಣಯ್ಯ!"

"ಮೈಕ್ ಇಡ್ತೀವಲ್ಲ ಸಾರ್?"

"ಕೂಲಿಯೋನು ಗೌಡತಿ ಮನೆ ಮುಂದೆ ಮೈಕ್ ಹಿಡ್ಕಂಡ್ ನಿಂತ್ಕಂಡ್ರೆ ಅದು ಸಾಮಾಜಿಕ ನಾಟಕವೇನಯ್ಯಾ? ಆಶಾ, ಇವನ ಗಂಟಲು ನಿನ್ನ ಜವಾಬ್ದಾರಿ."

ಹಾಗೆ ಶುರುವಾಯಿತು. ಶಾಲೆಯ ಗಂಟೆ ಹೊಡೆಯುವ ಮೊದಲು, ಬೆಳಗಿನ ಎಳೆಬಿಸಿಲಿನಲ್ಲಿ, ಶಾಲೆಯ ಮೈದಾನದ ಆ ತುದಿಗೆ ಕೀರ್ತಿರಾಜ್, ಈ ತುದಿಗೆ ಕೊರಳಲ್ಲಿ ಸೀಟಿ ಹಾಕಿಕೊಂಡ ಆಶಾರಾಣಿ. ಅವನು ಮಾತು ಹೇಳಬೇಕು. ಕೇಳಿಸದಿದ್ದರೆ ಅವಳು ಸೀಟಿ ಊದಬೇಕು.

"ಈ ತ್ವಾಟದ ಒಂದೊಂದ್ ಮರಕ್ಕೂ ನೀರ್ ಹೊತ್ತೋನು ನಮ್ಮಪ್ಪ ಕಣವ್ವಾ!"

ಸೀಟಿ.

"ನೀರ್ ಹೊತ್ತೋನು ನಮ್ಮಪ್ಪಾ!"

"ಕೇಳಿಸ್ಲಿಲ್ಲ! ಹೊಟ್ಟೆಯಿಂದ ಬರ್ಲಿ!"

ಮೈದಾನದ ಸುತ್ತ ವಾಕಿಂಗ್ ಮಾಡುತ್ತಿದ್ದ ಪಟ್ಟಣದ ಜನಕ್ಕೆ ಮೊದಲ ಕೆಲವು ದಿನ ಇದು ನಿಜವಾದ ಜಗಳವೆಂದೇ ಅನಿಸಿತ್ತು. ಕೊಬ್ಬರಿ ಮಂಡಿಯ ರಾಮಣ್ಣನವರಂತೂ ನಡುವೆ ಬಂದು, "ಹೋಗ್ಲಿ ಬಿಡಿ ಮೇಡಂ, ಏನೋ ತಪ್ಪಾಗಿರ್ಬೋದು" ಎಂದು ರಾಜಿ ಮಾಡಲು ನೋಡಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಆವತ್ತೇ ಮೊದಲು.

ಆಶಾರಾಣಿಗೆ ನಲವತ್ತು ದಾಟಿತ್ತು. ವಯಸ್ಸಿನಲ್ಲಿ ಅವಳನ್ನು ನೋಡಲು ಬಂದ ಗಂಡುಗಳಲ್ಲಿ ಕೆಲವರನ್ನು ಅವಳು ಬೇಡವೆಂದಿದ್ದಳು. ಉಳಿದವರು ಅವಳ ದನಿ ಕೇಳಿಯೇ ಕಾಫಿ ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಆಮೇಲೆ ಅಪ್ಪ ತೀರಿಕೊಂಡು, ತಮ್ಮ ಅನಿಲ್‌ಕುಮಾರನ ಮದುವೆಯಾಗಿ, ಅವಳ ಮದುವೆಯ ಮಾತು ಮನೆಯಲ್ಲಿ ನಿಂತೇ ಹೋಗಿತ್ತು. ಅದರಿಂದ ಅವಳಿಗೆ ದುಃಖವೇನೂ ಆಗಿರಲಿಲ್ಲ. ಆದರೆ ಈಗೀಗ ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ ಬಸ್ಸು ನಿಧಾನವಾಗಿ ಹೋಗುತ್ತಿದೆ ಅನಿಸುತ್ತಿತ್ತು.

ಒಂದು ಮಾತು ಮಾತ್ರ ಅವಳ ಬಾಯಲ್ಲಿ ಹೊರಡುತ್ತಿರಲಿಲ್ಲ. 'ಹೊಸ್ತಿಲ ಆಚೆ ನಿಂತ್ಕಂಡ್ ಮಾತಾಡ್ಲಾ' ಎಂದು ಗೌಡತಿ ದ್ಯಾವಯ್ಯನಿಗೆ ಹೇಳುವ ಮಾತು. ಪ್ರತಿ ಸಲವೂ ಅಲ್ಲಿ ಅವಳ ದನಿ ಸಣ್ಣಗಾಗುತ್ತಿತ್ತು. ಈ ಮಾತನ್ನು ಅವಳು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ, ತನ್ನ ಮನೆಯ ಜಗಲಿಯಲ್ಲಿ ಕೇಳಿ ಬೆಳೆದದ್ದು. ಕೀರ್ತಿರಾಜ್ ಯಾವ ಕೇರಿಯವನೆಂಬುದೂ ಅವಳಿಗೆ ಗೊತ್ತಿತ್ತು.

"ಯಾಕೆ ಮೇಡಂ, ಸೀಟಿ ನಾನು ಊದ್ಲಾ?" ಎಂದು ಅವನು ಆ ತುದಿಯಿಂದ ಕೇಳಿದ. ಅವನು ನಡೆದು ಹತ್ತಿರ ಬಂದ.

"ನೋಡಿ, ಈ ಮಾತನ್ನ ನಮ್ಮವ್ವ ಬೇಕಾದಷ್ಟು ಕೇಳವ್ರೆ. ನಾನೂ ಚಿಕ್ಕೋನಾಗಿದ್ದಾಗ ಕೇಳಿದೀನಿ. ನೀವು ಅದನ್ನ ನಯವಾಗಿ ಹೇಳಿದ್ರೆ, ನೋಡೋ ಜನ ಅದೇನ್ ಮಹಾ ಅಂದ್ಕೊಂಡ್ ಬಿಡ್ತಾರೆ. ಅದು ಎಂಗಿತ್ತೋ ಅಂಗೇ ಹೇಳಿ. ನಂಗೆ ಬೇಜಾರಿಲ್ಲ."

ಆವತ್ತು ಅವಳು ಹೇಳಿದಳು. ಹೇಳುವಾಗ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಗಲ್ಲ ಮೇಲೆತ್ತಿ, ಒಂದು ಹುಬ್ಬನ್ನಷ್ಟೇ ಕುಣಿಸಿದಳು. ತಾನು ಅವ್ವನನ್ನೇ ಆಡಿ ತೋರಿಸುತ್ತಿದ್ದೇನೆಂದು ಆಮೇಲೆ ಹೊಳೆಯಿತು. ಅಲ್ಲಿಂದ ಗೌಡತಿಯ ಪಾತ್ರ ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು.

ದೀಪಾವಳಿ ಕಳೆದ ವಾರ, ಕೀರ್ತಿರಾಜನ ದನಿ ಮೈದಾನ ದಾಟುವಷ್ಟು ಬೆಳೆದಿತ್ತು. ಒಂದು ಬೆಳಿಗ್ಗೆ ಅವನು ತನ್ನ ತುದಿಯಲ್ಲಿ ನಿಂತು ಎರಡು ಸಲ ಕೆಮ್ಮಿದ. ನಾಟಕದಲ್ಲಿಲ್ಲದ ಒಂದು ಮಾತನ್ನು ಹೇಳಿದ.

"ಆಶಾ ಮೇಡಂ, ನನ್ನ ಮದ್ವೆ ಆಗ್ತೀರಾ?"

ಅವಳಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೆ ಇಷ್ಟು ದಿನದ ಅಭ್ಯಾಸವೋ, ಇನ್ನೊಂದು ಸಲ ಕೇಳಬೇಕೆಂಬ ಆಸೆಯೋ, ಬಾಯಿಗೆ ಸೀಟಿ ಹೋಯಿತು.

"ಕೇಳಿಸ್ಲಿಲ್ಲ!"

ಅವನು ಅತ್ತಿತ್ತ ನೋಡಿದ. ವಾಕಿಂಗಿನ ಜನ ಇದ್ದರು. ರಾಮಣ್ಣನವರೂ ಇದ್ದರು. ಇನ್ನು ಹೆದರಿ ಪ್ರಯೋಜನವಿಲ್ಲವೆಂದುಕೊಂಡನೋ ಏನೋ, ಕೈಗಳೆರಡನ್ನೂ ಬಾಯಿಗೆ ಅಡ್ಡ ಹಿಡಿದು ಹೊಟ್ಟೆಯಿಂದ ಕೂಗಿದ.

"ಮದ್ವೆ ಆಗ್ತೀರಾ ಅಂತ ಕೇಳ್ದೇ!"

ಮರದ ಮೇಲಿನ ಕೊಕ್ಕರೆಗಳು ಎದ್ದವು. ವಾಕಿಂಗಿನವರು ನಿಂತರು. ಆಶಾರಾಣಿ ಸೀಟಿಯನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ತನ್ನ ಬದುಕಿನಲ್ಲೇ ಅತಿ ಮೆಲ್ಲಗಿನ ದನಿಯಲ್ಲಿ "ಆಗ್ತೀನಿ" ಅಂದಳು. ಅಷ್ಟು ದೂರದಲ್ಲಿದ್ದವನಿಗೆ ಅದು ಹೇಗೆ ಕೇಳಿಸಿತೋ, ಅವನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ.

ಇಂಥ ಸುದ್ದಿ ಹಿರೀಸಾವೆಗೆ ಹೋಗಲು ಬಸ್ಸು ಬೇಕಾಗಿಲ್ಲ. ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಅನಿಲ್‌ಕುಮಾರ್ ಪಡಸಾಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದ.

"ಡೈರಿ ತಾವ ನಾನು ತಲೆ ಎತ್ಕಂಡ್ ಓಡಾಡ್ಬೇಕೋ ಬ್ಯಾಡ್ವೋ ಅಕ್ಕಾ? ಈ ವಯಸ್ಸಲ್ಲಿ, ಅದೂ ಆ ಕೊಣನೂರಿನ ಕಂಟ್ರೋಲರ್‌ನ, ಅವರ ಪೈಕಿಯೋನನ್ನ!"

"ನಿನ್ ತಲೆ ನಾನೇನ್ ಹಿಡ್ಕಂಡಿದೀನೇನ್ಲಾ? ಎತ್ಕಂಡೇ ಓಡಾಡು."

ಅವ್ವ ದೊಡ್ಡತಾಯಮ್ಮ ಕೂಗಾಡಲಿಲ್ಲ. ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. "ನಾನಿರೋಗಂಟ ಅದು ಆಗಾಕಿಲ್ಲ. ಕೈಕಾಲ್ ತೊಳ್ಕಂಡ್ ಉಣ್ಣೋಗು" ಎಂದರು. ಅಷ್ಟೇ. ಆ ರಾತ್ರಿ ಆಶಾರಾಣಿಗೆ ಊಟ ಸೇರಲಿಲ್ಲ.

ಮಾರನೆಯ ದಿನದಿಂದ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ನಾಟಕಕ್ಕೆ ಹೋಗಬೇಡವೆಂದೂ ಅನ್ನಲಿಲ್ಲ. ನಾಟಕದ ದಿನ ಬೆಳಿಗ್ಗೆ ಮಾತ್ರ ಆಶಾರಾಣಿ ತಾನಾಗೇ ಹೇಳಿದಳು. "ಅವ್ವಾ, ಸಾಯಂಕಾಲ ಬಾ. ನೋಡಿ ಬೈಯೋದಿದ್ರೂ ಬೈಯುವಂತೆ."

"ನಂಗೆ ಬ್ಯಾರೆ ಕ್ಯಾಮಿಲ್ವಾ?" ಎಂದರು ದೊಡ್ಡತಾಯಮ್ಮ.

ಬಂದರು. ಪಟ್ಟಣದ ಸಮುದಾಯ ಭವನದಲ್ಲಿ ಮೊದಲ ಸಾಲಿನ ನಟ್ಟನಡುವೆ, ಕೆಂಪಂಚಿನ ಹಸಿರು ಸೀರೆಯುಟ್ಟು, ಪಕ್ಕದಲ್ಲಿ ಮುಖ ಗಂಟಿಕ್ಕಿದ ಅನಿಲ್‌ಕುಮಾರನನ್ನು ಕೂರಿಸಿಕೊಂಡು ಕೂತಿದ್ದರು. ಆಶಾರಾಣಿ ಅವರನ್ನು ಪರದೆಯ ಸಂದಿಯಿಂದ ಕಂಡಳು. ಇನ್ನು ಸ್ವಲ್ಪ ಹೊತ್ತಿಗೆ ಅವಳು ಇಡೀ ತಾಲ್ಲೂಕಿನ ಮುಂದೆ ಅವ್ವನನ್ನೇ ಆಡಿ ತೋರಿಸಬೇಕಿತ್ತು.

"ಏನ್ ಮಾಡ್ಲಿ?" ಎಂದು ಕೀರ್ತಿರಾಜನನ್ನು ಕೇಳಿದಳು. ಅವನು ಹಳೆ ಪಂಚೆ ಉಟ್ಟು, ತಲೆಗೆ ಟವೆಲ್ ಸುತ್ತಿ, ಗಡ್ಡಕ್ಕೆ ಬಿಳಿ ಹಚ್ಚಿಕೊಂಡು ನಿಂತಿದ್ದ.

"ಚೆನ್ನಾಗ್ ಮಾಡಿ" ಅಂದ.

ಮಾಡಿದಳು. ಸೆರಗು ಸಿಕ್ಕಿಸಿ, ಗಲ್ಲ ಎತ್ತಿ, ಹುಬ್ಬು ಕುಣಿಸಿ ಅವಳು ರಂಗಕ್ಕೆ ಕಾಲಿಟ್ಟ ಕೂಡಲೇ ಹಿರೀಸಾವೆ ಕಡೆಯಿಂದ ಬಂದಿದ್ದವರೆಲ್ಲ ಹೋ ಎಂದರು. ಆಶಾರಾಣಿ ಹೆದರಿ ಮೊದಲ ಸಾಲಿನತ್ತ ನೋಡಿದಳು. ದೊಡ್ಡತಾಯಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು, ಮೈ ಅಲುಗುವಂತೆ ನಗುತ್ತಿದ್ದರು. ಪಕ್ಕದ ಹೆಂಗಸಿನ ತೊಡೆಗೆ ಹೊಡೆದು, "ನಾನೇ ಕಣೇ ಅದು! ನೋಡು ಮುಂಡೇದು ಎಂಗ್ ಮಾಡ್ತಾವ್ಳೆ!" ಅನ್ನುತ್ತಿದ್ದರು. ಆಶಾರಾಣಿಯ ಬೆನ್ನಿನಿಂದ ಒಂದು ಮೂಟೆ ಇಳಿದಂತಾಯಿತು. ಅಲ್ಲಿಂದ ಮುಂದೆ ಅವಳು ಹಾರಾಡಿದ್ದೇ ಹಾರಾಡಿದ್ದು. ದಿಲೀಪ, ಕವನಾ ಕೂಡ ಒಬ್ಬರ ಮೇಲೊಬ್ಬರ ಸಿಟ್ಟನ್ನು ನುಂಗಿಕೊಂಡು ಜನರ ಕಣ್ಣಲ್ಲಿ ನೀರು ತಂದರು.

ಕೊನೆಯ ದೃಶ್ಯ ಬಂತು. ಗೌಡತಿ ಬಾಗಿಲು ಹಾಕಿಕೊಂಡಳು. ದ್ಯಾವಯ್ಯ ಹೊರಗೆ ನಿಂತ. ಕೀರ್ತಿರಾಜನ ದನಿ ಮೈಕಿಲ್ಲದೆ ಕೊನೆಯ ಸಾಲಿನವರೆಗೂ ಹೋಯಿತು. ಮನುಷ್ಯ ಮನುಷ್ಯನನ್ನು ಮುಟ್ಟದೆ ಬದುಕಿದ ಕಾಲದ ಬಗ್ಗೆ ಷಡಕ್ಷರಿ ಮೇಷ್ಟ್ರು ಬರೆದಿದ್ದ ಆ ಉದ್ದನೆಯ ಮಾತನ್ನು ಅವನು ಎಲ್ಲೂ ತಡವರಿಸದೆ ಹೇಳಿದ. ಬಾಗಿಲು ಕಿರ್ ಅಂದಿತು. ಗೌಡತಿ ಹೊರಬಂದು, ಕಣ್ಣೊರೆಸಿಕೊಂಡು, "ನೀನು ಗೆದ್ದೆ ದ್ಯಾವಯ್ಯ" ಎಂದಳು.

"ಏಯ್ ಆಶಾ!" ಎಂದು ಮೊದಲ ಸಾಲಿನಿಂದ ಕೂಗು ಬಂತು. ದೊಡ್ಡತಾಯಮ್ಮ ಎದ್ದು ನಿಂತಿದ್ದರು. "ಅಷ್ಟ್ ಬೇಗ ಬಗ್ಗಾಕಿಲ್ಲ ಕಣೇ ಅವ್ಳು!"

ಸಭೆ ಗೊಳ್ಳೆಂದು ನಕ್ಕಿತು. ಷಡಕ್ಷರಿ ಮೇಷ್ಟ್ರು ಪಕ್ಕದ ಪರದೆಯ ಮರೆಯಲ್ಲಿ ತಲೆಯ ಮೇಲೆ ಕೈ ಹೊತ್ತರು. ಆಶಾರಾಣಿ ಗೌಡತಿಯನ್ನು ಮರೆತು ಅವ್ವನನ್ನೇ ನೋಡಿದಳು. ಕೀರ್ತಿರಾಜ್ ಮಾತ್ರ ದ್ಯಾವಯ್ಯನಾಗಿಯೇ ಇದ್ದ. ರಂಗದ ಅಂಚಿಗೆ ಬಂದು ಕೈಮುಗಿದ.

"ಅಂಗಾರೆ ಏನ್ ಮಾಡಿದ್ರೆ ಬಗ್ತಾರೆ, ನೀವೇ ಯೋಳಿ ತಾಯಿ."

"ನೀನ್ಯಾಕ್ ಬಂದೆ ಅಂತೀನಿ! ಹುಡುಗನ್ ಹೆತ್ತೋಳೆಲ್ಲಿ? ಅವ್ಳು ಬಂದು ಮಾತಾಡ್ಬೇಕು. ಗಂಡಸ್ರು ಬಂದು ಭಾಷ್ಣ ಬಿಗುದ್ರೆ ಯಾವೋಳ್ ಬಾಗ್ಲು ತೆಗೀತಾಳೆ?"

ಹೆಂಗಸರ ಕಡೆಯಿಂದ ಚಪ್ಪಾಳೆ ಬಿತ್ತು.

"ನಿಜ ತಾಯಿ" ಎಂದ ಕೀರ್ತಿರಾಜ್. "ನಮ್ಮವ್ವ ಕೊಣನೂರಲ್ಲವ್ರೆ. ಬರೋ ಭಾನುವಾರ ಕರ್ಕಂಡ್ ಬತ್ತೀನಿ. ಬಾಗ್ಲು ತೆಗಿತೀರಾ?"

"ಬರ್ಲಿ, ಬರ್ಲಿ! ನೋಡಾನ!" ಎಂದು ದೊಡ್ಡತಾಯಮ್ಮ ಕೈ ಬೀಸಿದರು. ಬೀಸಿದ ಕೈ ಹಾಗೇ ನಿಂತಿತು. ಕೊಣನೂರು. ಆ ಟವೆಲ್ಲಿನ ಕೆಳಗಿರುವವನು ಯಾರೆಂದು ಅವರಿಗೆ ಆಗ ತಿಳಿಯಿತು. ಸಭೆಗೆ ಮಾತ್ರ ಏನೂ ತಿಳಿಯಲಿಲ್ಲ. ಅದಕ್ಕೆ ಇದೂ ನಾಟಕದ ಭಾಗವೇ ಅನಿಸಿ ಎದ್ದು ನಿಂತು ಸಿಳ್ಳೆ ಹಾಕಿತು. ಮುಂದೆ ಏನು ಮಾಡುವುದೆಂದು ಗೊತ್ತಾಗದೆ ಷಡಕ್ಷರಿ ಮೇಷ್ಟ್ರು ಪರದೆ ಎಳೆಸಿದರು.

ದಾರಿಯುದ್ದಕ್ಕೂ ಅನಿಲ್‌ಕುಮಾರ್ ಕಾರಿನಲ್ಲಿ ಗೊಣಗಿದ. "ಯಾಕವ್ವಾ ಬಾಯ್ ಕೊಟ್ಟೆ?"

"ಕೊಟ್ಟಾಯ್ತಲ್ಲ. ತಾಲ್ಲೂಕ್ ಕೇಳುಸ್ಕಂಡೈತೆ. ಈಗ ಇಲ್ಲ ಅನ್ನಾಕಾಯ್ತದಾ?" ಎಂದು ದೊಡ್ಡತಾಯಮ್ಮ ಕಿಟಕಿಯಾಚೆ ನೋಡಿದರು. ಊರು ಹತ್ತಿರವಾದಾಗ, "ನಾನು ಸೆರಗ್ನ ಎಡಕ್ಕೆ ಸಿಗುಸೋದು. ನೀನು ಬಲಕ್ಕೆ ಸಿಗುಸ್ದೆ" ಎಂದು ಮಗಳಿಗೆ ಹೇಳಿದರು.

ಭಾನುವಾರ ಕೀರ್ತಿರಾಜನ ಅವ್ವ ಲಕ್ಷ್ಮಿದೇವಮ್ಮ, ಮಗನನ್ನು ಬಸ್ ಸ್ಟಾಪಿನಲ್ಲೇ ಬಿಟ್ಟು, ಒಬ್ಬರೇ ಬಂದರು. ಎಣ್ಣೆ ಹಾಕಿ ಬಿಗಿಯಾಗಿ ಬಾಚಿದ ಬಿಳಿ ತಲೆ, ಕೈಯಲ್ಲೊಂದು ವ್ಯಾನಿಟಿ ಬ್ಯಾಗು. ಒಂದು ಕಾಲದಲ್ಲಿ ಪಂಚಾಯ್ತಿ ಅಧ್ಯಕ್ಷೆಯಾಗಿದ್ದವರು. ಯಾರ ಮನೆಯ ಮುಂದೆ ನಿಂತರೂ ಕೆಲಸದ ಮೇಲೆ ಬಂದವರ ಹಾಗೆ ನಿಲ್ಲುತ್ತಿದ್ದರು. ದೊಡ್ಡತಾಯಮ್ಮ ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಮಾಡಿದ್ದರು. ಜಗಲಿಯ ಮೇಲೆ ಹೊಸದೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಮರ್ಯಾದೆಗೆ ಮರ್ಯಾದೆಯೂ ಆಯಿತು, ಹೊಸ್ತಿಲೂ ಉಳಿಯಿತು. ಬಾಗಿಲ ಪಕ್ಕದಲ್ಲಿ ನಿಂತಿದ್ದ ಆಶಾರಾಣಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಬನ್ನಿ, ಕೂತ್ಕಳಿ" ಎಂದರು ದೊಡ್ಡತಾಯಮ್ಮ.

ಲಕ್ಷ್ಮಿದೇವಮ್ಮ ಕುರ್ಚಿಯನ್ನು ನೋಡಿದರು. "ನೀವೆಲ್ಲಿ ಕೂರ್ತೀರಿ?"

"ನಾನು ಒಳಗೆ... ನಂಗೆ ಮಂಡಿನೋವು, ದಿವಾನದ್ ಮೇಲೆ."

"ಸರಿ" ಎಂದರು ಲಕ್ಷ್ಮಿದೇವಮ್ಮ. ಬ್ಯಾಗನ್ನು ಹೆಗಲಿಗೆ ಹಾಕಿ, ಕುರ್ಚಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಹೊಸ್ತಿಲು ದಾಟಿ ಪಡಸಾಲೆಗೆ ನಡೆದರು. ದಿವಾನದ ಎದುರಿಗೆ ಅದನ್ನು ಇಟ್ಟು ಕೂತರು. "ಅಷ್ಟ್ ದೂರದಿಂದ ಕೂಗಾಡ್ಕಂಡ್ ಮಾತಾಡಾಕೆ ನಾವೇನ್ ನಾಟಕ ಮಾಡ್ತಾ ಇದೀವಾ? ಬನ್ನಿ, ಕೂತ್ಕಳಿ."

ದೊಡ್ಡತಾಯಮ್ಮ ಖಾಲಿಯಾದ ಜಗಲಿಯನ್ನೊಮ್ಮೆ ನೋಡಿದರು. ಬಂದು ಕೂತರು.

"ನಿಮ್ ಮಗಳನ್ನ ಕೊಡಿ ಅಂತ ಕೇಳಾಕ್ ಬಂದಿಲ್ಲ ನಾನು" ಎಂದು ಲಕ್ಷ್ಮಿದೇವಮ್ಮ ಶುರುಮಾಡಿದರು. "ನಂಗೇ ಇಷ್ಟ ಇಲ್ಲ. ಇಷ್ಟ್ ವರ್ಷಕ್ಕೆ ನನ್ ಮಗ ಒಬ್ಬಳ್ನ ಒಪ್ಪವ್ನೆ, ಅದು ನಿಜ. ಆದ್ರೆ ಇಂಥ ಮದ್ವೆ ಆದೋರ ಗತಿ ಏನಾಯ್ತು ಅಂತ ಪೇಪರಲ್ ಓದಾಕಿಲ್ವಾ ನಾನು? ನಾಳೆ ನಿಮ್ ಕಡೆಯೋರು ಯಾರಾರ ನನ್ ಮಗನ್ ಮೈ ಮುಟ್ಟಿದ್ರೆ, ನಾನ್ ಯಾರ್ನ ಕೇಳ್ಲಿ?"

ಒಳಕೋಣೆಯ ಬಾಗಿಲಲ್ಲಿ ಅನಿಲ್‌ಕುಮಾರ್ ನಿಂತಿದ್ದ. ಹೆದರಿಕೆ ಇರುವುದು ತಮ್ಮ ಮನೆಯ ಕಡೆಗೆ ಮಾತ್ರ ಎಂದುಕೊಂಡಿದ್ದ ಆಶಾರಾಣಿಗೆ, ಈ ಹೆಂಗಸು ಎಂಥ ಹೆದರಿಕೆಯನ್ನು ಬ್ಯಾಗಿನ ಜೊತೆ ಹೊತ್ತುಕೊಂಡು ಅಲ್ಲಿಂದ ಬಂದಿದ್ದಾಳೆಂದು ಆಗ ತಿಳಿಯಿತು.

ದೊಡ್ಡತಾಯಮ್ಮನ ಮುಖ ಕೆಂಪಾಯಿತು. "ಯಾರ್ ಮುಟ್ತಾನೆ? ನಾನಿರೋವಾಗ, ನನ್ ಮಗಳ್ ಗಂಡನ್ ಮೈಯ ಯಾವೋನ್ ಮುಟ್ತಾನೆ? ಕೈ ಮುರ್ದು ತೆಂಗಿನ್ ಬುಡಕ್ಕೆ ಹಾಕ್ಬುಡ್ತೀನಿ! ಅನಿಲ, ಕೇಳುಸ್ಕಂಡೇನ್ಲಾ?"

"ಕೇಳುಸ್ತು ಕಣವ್ವ" ಎಂದ ಅನಿಲ್‌ಕುಮಾರ್.

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ದೊಡ್ಡತಾಯಮ್ಮನಿಗೆ ಗೊತ್ತಾಯಿತು. ಮಗಳ ಗಂಡ ಎಂದಿದ್ದರು. ಲಕ್ಷ್ಮಿದೇವಮ್ಮ ಮೆಲ್ಲಗೆ ನಕ್ಕರು. ದೊಡ್ಡತಾಯಮ್ಮನಿಗೂ ನಗು ತಡೆಯಲಾಗಲಿಲ್ಲ.

"ಕಾಫಿ ಮಾಡ್ಕಂಬಾರೇ, ಏನ್ ನಿಂತ್ಕಂಡಿದೀಯ" ಎಂದು ಮಗಳನ್ನು ಗದರಿದರು.

ಆಶಾರಾಣಿ ಮನೆಯವರು ಕುಡಿಯುವ ಲೋಟಗಳಲ್ಲೇ ಕಾಫಿ ತಂದಳು. ಅವ್ವ ಅದನ್ನು ನೋಡಿದರು. ಒಂದು ಲೋಟವನ್ನು ತಾವೇ ಎತ್ತಿ ಲಕ್ಷ್ಮಿದೇವಮ್ಮನ ಕೈಗೆ ಕೊಟ್ಟರು.

"ಸಕ್ರೆ ಜಾಸ್ತಿ ಆಯ್ತು" ಎಂದರು ಲಕ್ಷ್ಮಿದೇವಮ್ಮ.

"ಅವ್ಳಿಗೆ ಅಡ್ಗೆ ಬರಾಕಿಲ್ಲ. ಈಗ್ಲೇ ಯೋಳ್ಬುಟ್ಟಿದೀನಿ, ಆಮೇಲೆ ನನ್ನ ಅನ್ಬ್ಯಾಡಿ."

"ನನ್ ಮಗನ್ಗೆ ಬತ್ತದೆ, ಬುಡಿ."

ಮಧ್ಯಾಹ್ನದ ಊಟ ಮುಗಿಯುವವರೆಗೂ ಇಬ್ಬರೂ ಮಕ್ಕಳ ಚಾಡಿ ಹೇಳಿಕೊಂಡರು.

ಎಲ್ಲರೂ ಒಪ್ಪಿದರೆಂದಲ್ಲ. ಚಿಕ್ಕಪ್ಪನ ಮನೆಯವರು ಬಾಗಿಲಿಗೆ ಬರುವುದನ್ನು ಬಿಟ್ಟರು; ಇವತ್ತಿಗೂ ಬಂದಿಲ್ಲ. ದೊಡ್ಡತಾಯಮ್ಮ ಎರಡು ದಿನ ಸಪ್ಪಗಿದ್ದರು, ಆಮೇಲೆ ಆ ಮನೆಗೆಂದು ಎತ್ತಿಟ್ಟಿದ್ದ ಹುರುಳಿಕಾಳನ್ನು ಕೊಣನೂರಿಗೆ ಕಳಿಸಿದರು. ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಾಯಿತು. ಸಾಕ್ಷಿಗೆ ಬಂದ ದಿಲೀಪ, ಕವನಾ ಯಾರು ಮೊದಲು ಸಹಿ ಹಾಕಬೇಕೆಂದು ಅಲ್ಲೂ ಕಿತ್ತಾಡಿದರು. "ಪ್ರೇಮಿಗಳು ನೀವಾ ಅವರಾ?" ಎಂದು ಆಫೀಸಿನವರು ಕೇಳಿದ್ದಕ್ಕೆ ಷಡಕ್ಷರಿ ಮೇಷ್ಟ್ರು, "ನನ್ ನಾಟಕದಲ್ಲಿ ಇವರು. ಅವರು ಬೀಗರು" ಎಂದು ಇನ್ನಷ್ಟು ಗೊಂದಲ ಮಾಡಿದರು. ಅನಿಲ್‌ಕುಮಾರ್ ಒಳಗೆ ಬರಲಿಲ್ಲ. ಹೊರಗೆ ಕಾರಿಗೆ ಒರಗಿ ನಿಂತಿದ್ದವನು, ಎಲ್ಲರೂ ಹೊರಬಂದಾಗ ಕೀರ್ತಿರಾಜನ ಮುಖ ನೋಡದೆ, "ಊಟಕ್ಕೆ ಹೋಟೆಲಲ್ ಹೇಳಿದೀನಿ, ಬನ್ನಿ ಭಾವ" ಎಂದ.

ಆ ವಾರವೇ ಅವರೆಲ್ಲ ಕೊಣನೂರಿಗೆ ಹೋದರು. ಊರು ನೋಡಿದಂತಾಗುತ್ತದೆಂದು ದೊಡ್ಡತಾಯಮ್ಮನೂ ಹೊರಟಿದ್ದರು. ಅಂದು ಸಂತೆ. ಲಕ್ಷ್ಮಿದೇವಮ್ಮ ಬೀಗಿತ್ತಿಯ ಕೈ ಹಿಡಿದುಕೊಂಡು, ಸೊಪ್ಪಿನವರು, ಮೆಣಸಿನಕಾಯಿಯವರು, ಬಳೆಯವರು ಎಲ್ಲರಿಗೂ ಪರಿಚಯ ಮಾಡಿಸುತ್ತ ಮುಂದೆ ಹೋದರು. ಜನದ ನಡುವೆ ಅವರಿಬ್ಬರ ತಲೆ ಸ್ವಲ್ಪ ದೂರದವರೆಗೆ ಕಂಡು, ಆಮೇಲೆ ಮರೆಯಾಯಿತು.

"ಹುಡುಕ್ಬೇಕಾ?" ಎಂದಳು ಆಶಾರಾಣಿ.

"ಬೇಡ. ಹೊಳೆ ಕಡೆ ಹೋಗವ್ರೆ ಅನ್ಸುತ್ತೆ. ಅವರೇ ಬತ್ತಾರೆ" ಎಂದ ಕೀರ್ತಿರಾಜ್.

ಇಬ್ಬರೂ ಒಂದು ಕಬ್ಬಿನಹಾಲಿನ ಅಂಗಡಿಯ ಬೆಂಚಿನ ಮೇಲೆ ಕೂತರು. ಗಾಣ ಜಣಜಣ ತಿರುಗುತ್ತಿತ್ತು. ಶುಂಠಿ, ನಿಂಬೆಹಣ್ಣು ಹಿಂಡಿದ ಹಾಲು ಬಂತು. ಆಶಾರಾಣಿ ಒಂದೇ ಗುಟುಕಿಗೆ ಅರ್ಧ ಕುಡಿದು, ಮೂಗಿನ ಮೇಲೆ ನೊರೆ ಅಂಟಿಸಿಕೊಂಡು, ಇನ್ನೊಂದು ಲೋಟ ಹೇಳಿದಳು.